ಸಾಮಾಜಿಕ ವರ್ಗ: ಮನೋವಿಜ್ಞಾನಿಗಳು ಅಳೆಯುತ್ತಿರುವುದು ಏನನ್ನು?

ಮನೋವಿಜ್ಞಾನದ ಸಂಶೋಧನಾ ಲೇಖನದಲ್ಲಿ ‘ಕೆಳವರ್ಗದವರು’, ‘ಮೇಲ್ವರ್ಗದವರು’ ಎಂಬ ಮಾತು ಬಂದ ಕೂಡಲೇ ವಿಧಾನದ ಭಾಗಕ್ಕೆ ಹೋಗಿ, ಉತ್ತರ ಕೊಟ್ಟವರಿಗೆ ನಿಜವಾಗಿ ಯಾವ ಪ್ರಶ್ನೆಯನ್ನು ಕೇಳಲಾಗಿತ್ತು ಎಂಬುದನ್ನು ನೋಡಬೇಕು. ಒಂದು ಅಧ್ಯಯನದಲ್ಲಿ ಅದು ಕುಟುಂಬದ ವರಮಾನ, ಇನ್ನೊಂದರಲ್ಲಿ ತಂದೆ ತಾಯಿಯ ಓದು, ಮತ್ತೊಂದರಲ್ಲಿ ಏಣಿಯ ಚಿತ್ರದ ಮೇಲೆ ಹಾಕಿದ ಒಂದು ಗುರುತು. ಇವನ್ನೆಲ್ಲ ಒಂದೇ ವಸ್ತುವಿನ ಬೇರೆ ಬೇರೆ ಅಳತೆಗಳೆಂದು ಭಾವಿಸುವುದು ಸುಲಭ. ಆದರೆ ಇವುಗಳ ನಡುವಿನ ಸಹಸಂಬಂಧ (ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚುವ ಪ್ರಮಾಣ) ಸಾಮಾನ್ಯವಾಗಿ ಅಷ್ಟೇನೂ ಬಲವಾಗಿಲ್ಲದ ಕಾರಣ, ಬೇರೆ ಬೇರೆ ಸಂಗತಿಗಳನ್ನೇ ಹಿಡಿಯುತ್ತಿವೆ ಎಂದುಕೊಂಡು ಓದುವುದು ಕ್ಷೇಮ.

ಮಾರ್ಕ್ಸ್‌ನ ಪ್ರಕಾರ ವರ್ಗವೆಂದರೆ ಉತ್ಪಾದನಾ ಸಾಧನಗಳೊಡನೆ ಇರುವ ಸಂಬಂಧ: ಒಡೆತನ ಯಾರದು, ತನ್ನ ದುಡಿಮೆಯನ್ನು ಮಾರಿ ಬದುಕುವವರು ಯಾರು ಎಂಬ ಪ್ರಶ್ನೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಆರ್ಥಿಕ ಅವಕಾಶಗಳನ್ನೂ ಸಮಾಜ ಕೊಡುವ ಗೌರವವನ್ನೂ ಬೇರ್ಪಡಿಸಿ ನೋಡಿದ. ಮನೋವಿಜ್ಞಾನ ಬಹುಮಟ್ಟಿಗೆ ಈ ಎರಡನೆಯ ದಾರಿಯಲ್ಲಿ ನಡೆದು, ವರ್ಗವನ್ನು ಒಂದೆಡೆ ಕೈಯಲ್ಲಿರುವ ಸಂಪನ್ಮೂಲವೆಂದೂ ಇನ್ನೊಂದೆಡೆ ಇತರರಿಗೆ ಹೋಲಿಸಿದಾಗ ದೊರೆಯುವ ಸ್ಥಾನವೆಂದೂ ಗ್ರಹಿಸಿದೆ. ಯಾರು ಯಾರ ಅಧೀನದಲ್ಲಿ ದುಡಿಯುತ್ತಾರೆ ಎಂಬ ಪ್ರಶ್ನೆ ಬಹುತೇಕ ಪ್ರಶ್ನಾವಳಿಗಳಿಂದ ಬಿಟ್ಟುಹೋಗಿರುವುದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ರೂಢಿಯಲ್ಲಿರುವ ವಸ್ತುನಿಷ್ಠ ಸೂಚಕಗಳು ಮೂರು: ವರಮಾನ, ಶಿಕ್ಷಣ, ಉದ್ಯೋಗ. ವರಮಾನವನ್ನು ಕೇಳಿದರೆ ಹಲವರು ಉತ್ತರಿಸುವುದಿಲ್ಲ, ಕೊಟ್ಟ ಉತ್ತರವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಜೊತೆಗೆ, ಒಂದೇ ಮೊತ್ತವನ್ನು ಇಬ್ಬರು ಹಂಚಿಕೊಳ್ಳುವ ಮನೆಯೂ ಆರು ಮಂದಿ ಹಂಚಿಕೊಳ್ಳುವ ಮನೆಯೂ ಒಂದೇ ಅಲ್ಲವಾದ್ದರಿಂದ, ಕುಟುಂಬದ ವರಮಾನವನ್ನು ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವ ಪದ್ಧತಿಯಿದೆ. ವರಮಾನದ ಶ್ರೇಣಿಗಳನ್ನು ಹಣದ ಮೊತ್ತದಲ್ಲಿ ಬರೆದಿಟ್ಟ ಮಾಪಕಗಳು ಬೆಲೆಯೇರಿಕೆಯಿಂದ ಬೇಗ ಹಳತಾಗುತ್ತವೆ. ಭಾರತದ ನಗರ ಕುಟುಂಬಗಳ ಸಾಮಾಜಿಕ-ಆರ್ಥಿಕ ಸ್ಥಾನವನ್ನು ಅಳೆಯುವ 1976ರ ಕುಪ್ಪುಸ್ವಾಮಿ ಮಾಪಕದ ವರಮಾನದ ಪಟ್ಟಿಯನ್ನು ಮತ್ತೆ ಮತ್ತೆ ಪರಿಷ್ಕರಿಸಬೇಕಾಗಿ ಬಂದಿರುವುದು ಇದೇ ಕಾರಣಕ್ಕೆ. ಶಿಕ್ಷಣ ಪ್ರೌಢ ವಯಸ್ಸಿನಲ್ಲಿ ಹೆಚ್ಚು ಬದಲಾಗುವುದಿಲ್ಲ, ಕೇಳುವುದೂ ಸುಲಭ. ನೂರಾರು ಬಗೆಯ ಉದ್ಯೋಗಗಳನ್ನು ವಿಂಗಡಿಸಿ ಅಂಕಿಯ ಸಂಕೇತಗಳಿಗೆ ಇಳಿಸುವುದು ಮಾತ್ರ ತಲೆನೋವಿನ ಕೆಲಸ, ಬಹುಶಃ ಹಲವು ಸಂಶೋಧಕರು ಅದನ್ನು ಕೈಬಿಡುವುದಕ್ಕೆ ಅದೇ ಕಾರಣ. ಆದರೆ ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್ ತೋರಿಸಿದಂತೆ, ಕೆಲಸ ಎಷ್ಟು ಸಂಕೀರ್ಣ, ಮೇಲ್ವಿಚಾರಣೆ ಎಷ್ಟು ಬಿಗಿ, ದಿನಚರಿ ಎಷ್ಟು ಯಾಂತ್ರಿಕ ಎಂಬವು ಪೋಷಕರು ಮಕ್ಕಳಲ್ಲಿ ಬಯಸುವ ಗುಣಗಳಿಗೂ, ಅಂದರೆ ವಿಧೇಯತೆಗೋ ಸ್ವನಿರ್ಧಾರಕ್ಕೋ ಕೊಡುವ ಬೆಲೆಗೂ, ಸಂಬಂಧಿಸಿವೆ. ಸಂಬಳದ ಅಂಕಿಯಿಂದ ಇದು ತಿಳಿಯುವುದಿಲ್ಲ.

ಸೂಚಕಗಳನ್ನು ಕೂಡಿಸಿ ಒಂದೇ ಅಂಕ ಮಾಡಿದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದಲೇ ನೋಡಬಹುದು. ಸಮಾಜಶಾಸ್ತ್ರಜ್ಞ ಹಾಲಿಂಗ್ಸ್‌ಹೆಡ್ 1975ರಲ್ಲಿ ಸಿದ್ಧಪಡಿಸಿದ ನಾಲ್ಕು ಅಂಶಗಳ ಸೂಚ್ಯಂಕದಲ್ಲಿ ಶಿಕ್ಷಣಕ್ಕೆ 1ರಿಂದ 7, ಉದ್ಯೋಗಕ್ಕೆ 1ರಿಂದ 9 ಅಂಕಗಳಿವೆ. ಶಿಕ್ಷಣದ ಅಂಕವನ್ನು 3ರಿಂದಲೂ ಉದ್ಯೋಗದ ಅಂಕವನ್ನು 5ರಿಂದಲೂ ಗುಣಿಸಿ ಕೂಡಿಸಿದರೆ 8ರಿಂದ 66ರ ನಡುವಿನ ಮೊತ್ತ ಬರುತ್ತದೆ. (ಉಳಿದ ಎರಡು ಅಂಶಗಳಾದ ಲಿಂಗ ಮತ್ತು ವೈವಾಹಿಕ ಸ್ಥಿತಿ, ಮನೆಯಲ್ಲಿ ಯಾರ ಅಂಕವನ್ನು ಎಣಿಸಬೇಕು ಎಂಬುದರ ತೀರ್ಮಾನಕ್ಕೆ ಬರುತ್ತವೆ.) ಒಂಬತ್ತನೆಯ ತರಗತಿಗೆ ಓದು ನಿಲ್ಲಿಸಿ ಮಧ್ಯಮ ಗಾತ್ರದ ವ್ಯಾಪಾರದ ಒಡೆಯನಾದವನಿಗೆ ಶಿಕ್ಷಣದಲ್ಲಿ 2, ಉದ್ಯೋಗದಲ್ಲಿ 8, ಮೊತ್ತ 6 ಮತ್ತು 40 ಸೇರಿ 46. ಸ್ನಾತಕೋತ್ತರ ಪದವಿ ಪಡೆದು ಗುಮಾಸ್ತೆಯಾಗಿರುವವಳಿಗೆ ಶಿಕ್ಷಣದಲ್ಲಿ 7, ಉದ್ಯೋಗದಲ್ಲಿ 5. ಮೊತ್ತ 21 ಮತ್ತು 25 ಸೇರಿ ಮತ್ತೆ 46. ಇವರಿಬ್ಬರ ಹಣಕಾಸಿನ ಭದ್ರತೆ, ದಿನದ ಕೆಲಸದಲ್ಲಿರುವ ಸ್ವಾತಂತ್ರ್ಯ, ಓಡಾಟದ ವಲಯ ಯಾವುದೂ ಒಂದೇ ಅಲ್ಲ, ಆದರೂ ದತ್ತಾಂಶದಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿರುತ್ತಾರೆ. ಓದು ಒಂದು ಮಟ್ಟದಲ್ಲಿ, ಉದ್ಯೋಗ ಇನ್ನೊಂದು ಮಟ್ಟದಲ್ಲಿ ಇರುವ ಇಂಥ ಅಸಂಗತಿಯೇ ಅಧ್ಯಯನಯೋಗ್ಯ ಎಂದು ಸಮಾಜಶಾಸ್ತ್ರಜ್ಞ ಗೆರ್ಹಾರ್ಡ್ ಲೆನ್ಸ್ಕಿ 1954ರಲ್ಲೇ ವಾದಿಸಿದ್ದರು. ಒಟ್ಟು ಅಂಕ ಅದನ್ನೇ ಅಳಿಸಿಹಾಕುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ವ್ಯಕ್ತಿನಿಷ್ಠ ಅಳತೆ. ನ್ಯಾನ್ಸಿ ಆಡ್ಲರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಿಂದ ಪ್ರಸಿದ್ಧವಾದ ಮ್ಯಾಕ್‌ಆರ್ಥರ್ ಮಾಪಕದಲ್ಲಿ ಹತ್ತು ಮೆಟ್ಟಿಲುಗಳ ಏಣಿಯ ಚಿತ್ರವಿದೆ. ಮೇಲ್ತುದಿಯಲ್ಲಿ ಹೆಚ್ಚು ಹಣ, ಹೆಚ್ಚು ಓದು, ಹೆಚ್ಚು ಗೌರವದ ಉದ್ಯೋಗ ಉಳ್ಳವರು, ಕೆಳತುದಿಯಲ್ಲಿ ಇವೆಲ್ಲ ಅತ್ಯಂತ ಕಡಿಮೆ ಇರುವವರು ಇದ್ದಾರೆಂದು ವಿವರಿಸಿ, ನೀವು ಯಾವ ಮೆಟ್ಟಿಲಲ್ಲಿದ್ದೀರಿ ಎಂದು ಕೇಳಲಾಗುತ್ತದೆ. ಇಷ್ಟು ಸರಳವಾದ ಪ್ರಶ್ನೆಗೆ ಭವಿಷ್ಯ ಹೇಳುವ ಶಕ್ತಿ ಇರುವುದು ಅಚ್ಚರಿಯ ಸಂಗತಿ: ಶೆಲ್ಡನ್ ಕೋಹೆನ್ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 193 ಆರೋಗ್ಯವಂತರನ್ನು ಶೀತದ ಅಥವಾ ಫ್ಲೂ ವೈರಾಣುವಿಗೆ ಒಡ್ಡಿದಾಗ, ಏಣಿಯಲ್ಲಿ ತಮ್ಮನ್ನು ಮೇಲೆ ಗುರುತಿಸಿಕೊಂಡವರಲ್ಲಿ ಶೀತ ಕಾಣಿಸಿಕೊಳ್ಳುವ ಅಪಾಯ ಕಡಿಮೆಯಿತ್ತು, ವಸ್ತುನಿಷ್ಠ ಸ್ಥಾನಮಾನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿದಿತ್ತು. ಆದರೆ ಗುರುತು ಹಾಕುವಾಗ ಮನಸ್ಸಿನಲ್ಲಿ ಯಾರ ಜೊತೆಗಿನ ಹೋಲಿಕೆ ಇತ್ತು, ಹತಾಶೆಯ ಮನಃಸ್ಥಿತಿ ಕೈಯನ್ನು ಎಷ್ಟು ಕೆಳಗೆಳೆಯಿತು ಎಂಬುದು ಅಂಕದಲ್ಲಿ ಕಾಣುವುದಿಲ್ಲ.

ಕಾಲದ ಪ್ರಶ್ನೆಯನ್ನೂ ಮರೆಯಬಾರದು. ಕಾಲೇಜು ವಿದ್ಯಾರ್ಥಿಯ ಸ್ವಂತ ವರಮಾನ ಅವರ ವರ್ಗದ ಬಗ್ಗೆ ಹೆಚ್ಚೇನನ್ನೂ ಹೇಳುವುದಿಲ್ಲ. ಆದ್ದರಿಂದಲೇ ತಂದೆ ತಾಯಿಯರಲ್ಲಿ ಯಾರಾದರೂ ಪದವೀಧರರೇ ಎಂದು ಕೇಳುವುದು ರೂಢಿ. ಕೋಹೆನ್ ಅವರ ತಂಡವೇ 2004ರಲ್ಲಿ, ಬಾಲ್ಯದ ಎಷ್ಟು ವರ್ಷ ಹೆತ್ತವರಿಗೆ ಸ್ವಂತ ಮನೆಯಿತ್ತು ಎಂಬುದನ್ನು ಅಳತೆಯಾಗಿ ಬಳಸಿತ್ತು. ನೆನಪಿನಿಂದ ತಕ್ಕಮಟ್ಟಿಗೆ ನಂಬಿಕೆಯಿಂದ ಹೇಳಬಹುದಾದ ಸಂಗತಿಯನ್ನೇ ಆರಿಸಿಕೊಂಡದ್ದು ಜಾಣತನ.

ಪ್ರಯೋಗಗಳಲ್ಲಿ ಏಣಿಯ ಮೇಲ್ತುದಿಯವರೊಡನೆ ಅಥವಾ ಕೆಳತುದಿಯವರೊಡನೆ ಹೋಲಿಸಿಕೊಳ್ಳುವಂತೆ ಹೇಳಿ, ಕ್ಷಣಮಾತ್ರಕ್ಕೆ ‘ವರ್ಗ’ವನ್ನು ಬದಲಿಸುವ ವಿಧಾನವೂ ಉಂಟು. ಅಲ್ಲಿ ಬದಲಾಗುವುದು ಸ್ಥಾನದ ಅನಿಸಿಕೆ ಮಾತ್ರ. ವರ್ಷಗಟ್ಟಲೆ ಬಾಡಿಗೆಯ ಚಿಂತೆಯಲ್ಲಿ ಕಳೆದ ಬದುಕನ್ನು ಹತ್ತು ನಿಮಿಷದಲ್ಲಿ ಹುಟ್ಟಿಸಲಾಗದು. ಪಾಲ್ ಪಿಫ್ ಮತ್ತು ಸಂಗಡಿಗರು 2010ರಲ್ಲಿ ಕೆಳವರ್ಗದವರು ಹೆಚ್ಚು ಉದಾರಿಗಳೆಂದು ವರದಿ ಮಾಡಿದರೆ, ದೊಡ್ಡ ಸಮೀಕ್ಷೆಗಳ ದತ್ತಾಂಶ ಬಳಸಿದ ಕೊರ್ನ್‌ಡೋರ್ಫರ್ ಮತ್ತು ಸಂಗಡಿಗರು 2015ರಲ್ಲಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಚಿತ್ರವನ್ನು ಕಂಡರು. ಈ ಭಿನ್ನಾಭಿಪ್ರಾಯವನ್ನು ಅಳತೆಯೊಂದರಿಂದಲೇ ವಿವರಿಸಲಾಗದು. ಮಾದರಿಯೂ ಉದಾರತೆಯ ವ್ಯಾಖ್ಯೆಯೂ ಬೇರೆಯಾಗಿದ್ದವು. ಆದರೂ ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ಓದುವವರು ಪ್ರತಿ ಫಲಿತಾಂಶದ ಮುಂದೆ ವರಮಾನ, ಓದು, ಉದ್ಯೋಗ, ಏಣಿ ಇವುಗಳಲ್ಲಿ ಯಾವುದನ್ನು ಬಳಸಲಾಗಿತ್ತು ಎಂದು ಬರೆದುಕೊಳ್ಳುವುದು ಒಳ್ಳೆಯದು. ಮೂರೂ ವಸ್ತುನಿಷ್ಠ ಸೂಚಕಗಳನ್ನು ಒಂದೇ ಹಿಂಚಲನೆ ವಿಶ್ಲೇಷಣೆಯಲ್ಲಿ (ಹಲವು ಅಂಶಗಳಲ್ಲಿ ಪ್ರತಿಯೊಂದರ ಪಾಲನ್ನು ಬೇರ್ಪಡಿಸಿ ಅಂದಾಜಿಸುವ ರಿಗ್ರೆಷನ್ ಲೆಕ್ಕದಲ್ಲಿ) ಸೇರಿಸಿದ್ದರೆ, ಶಿಕ್ಷಣದ ಗುಣಾಂಕ, ಅಂದರೆ ಅದರ ಪಾಲಿಗೆ ಬರುವ ಅಂಕಿ, ಹೇಳುವುದು ವರಮಾನವೂ ಉದ್ಯೋಗವೂ ಸಮಾನವಾಗಿರುವವರ ನಡುವೆ ಓದು ತರುವ ವ್ಯತ್ಯಾಸವನ್ನಷ್ಟೇ. ಅದನ್ನು ‘ವರ್ಗದ ಪ್ರಭಾವ’ ಎಂದು ಓದಲು ಬರುವುದಿಲ್ಲ.