ತಂದೆಯ ಹೆಸರಿಲ್ಲದ ಸಾಲುಗಳು

1792ರಲ್ಲಿ ವರ್ಜೀನಿಯಾದ ಟಕಹೋ ಎಸ್ಟೇಟಿನಲ್ಲಿ ಒಂದು ಗಂಡು ಮಗು ಹುಟ್ಟಿತು. ಅಪ್ಪನ ಹೆಸರು ಥಾಮಸ್ ಮ್ಯಾನ್ ರಾಂಡಾಲ್ಫ್. ಮಗುವಿಗೂ ಅದೇ ಹೆಸರಿಟ್ಟರು. ತೊಂದರೆ ಏನಪ್ಪಾ ಅಂದರೆ, ಮೊದಲ ಹೆಂಡತಿಗೆ ಹುಟ್ಟಿದ ಇನ್ನೊಬ್ಬ ಥಾಮಸ್ ಮ್ಯಾನ್ ರಾಂಡಾಲ್ಫ್ ಆ ಮನೆಯಲ್ಲಿ ಆಗಲೇ ಇದ್ದ. 1768ರಲ್ಲಿ ಹುಟ್ಟಿದವನು. ಮದುವೆಯೂ ಆಗಿತ್ತು, ಮಾವ ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಮೂರನೇ ಅಧ್ಯಕ್ಷನಾದವನು. ಈ ಅಳಿಯ ಮುಂದೆ ವರ್ಜೀನಿಯಾದ ಗವರ್ನರ್ ಆದ. ಅಪ್ಪ ತೀರಿಕೊಂಡಿದ್ದು 1793ರಲ್ಲಿ. ಅಂದರೆ ಒಂದಷ್ಟು ಕಾಲ ಒಂದೇ ಹೆಸರಿನ ಮೂರು ಜನ ಒಟ್ಟಿಗೆ ಬದುಕಿದ್ದರು. ಆ ಕಾಲದ ಯಾವುದೋ ಕ್ರಯಪತ್ರದಲ್ಲಿ ಬರೀ ಹೆಸರಷ್ಟೇ ಇದ್ದರೆ ಯಾರನ್ನು ಹಿಡಿಯುತ್ತೀರಿ?

ಅಮೆರಿಕದ ಹಳೆಯ ಮನೆತನಗಳ ವಂಶಾವಳಿ ಕಟ್ಟುವ ಕೆಲಸದಲ್ಲಿ ಇದು ದಿನದ ತಾಪತ್ರಯ. ರಾಂಡಾಲ್ಫರ ಮೂಲಪುರುಷ ವಿಲಿಯಂ ಇಂಗ್ಲೆಂಡಿನಿಂದ ಬಂದು ಜೇಮ್ಸ್ ನದಿಯ ದಂಡೆಯಲ್ಲಿ ನೆಲೆ ನಿಂತು, 1711ರಲ್ಲಿ ಸತ್ತ. ಅವನನ್ನೂ ಹೆಂಡತಿ ಮೇರಿ ಐಶಮ್‌ಳನ್ನೂ ವರ್ಜೀನಿಯಾದ ಆದಮ್ ಮತ್ತು ಈವ್ ಅಂತ ಕರೆಯುವುದುಂಟು. ಜೆಫರ್ಸನ್, ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಜನರಲ್ ರಾಬರ್ಟ್ ಇ. ಲೀ, ಮೂವರೂ ಇವರ ಸಂತತಿಯೇ. ಹೆಸರುಗಳು ಅವೇ ಅವೇ ಸುತ್ತುತ್ತಿದ್ದರಿಂದ ಆ ಕಾಲದವರೇ ಒಂದು ಉಪಾಯ ಮಾಡಿಕೊಂಡಿದ್ದರು. ನಮ್ಮಲ್ಲಿ ಹೆಸರಿನ ಹಿಂದೆ ಊರು ಸೇರಿಸುವ ಹಾಗೆ ಟಕಹೋದ ಥಾಮಸ್, ಡಂಜನೆಸ್‌ನ ಐಶಮ್, ಕರ್ಲ್ಸ್‌ನ ರಿಚರ್ಡ್ ಅಂತ ಎಸ್ಟೇಟಿನ ಹೆಸರು ಹಿಡಿದು ಗುರುತಿಸುತ್ತಿದ್ದರು. ನಾನೂ ನನ್ನ ಟಿಪ್ಪಣಿಯಲ್ಲಿ ಇದನ್ನೇ ಮಾಡುತ್ತೇನೆ. ಹೆಸರಿಗಿಂತ ಜಮೀನು ಜಾಸ್ತಿ ನಂಬಿಕೆಗೆ ಅರ್ಹ. ಯಾವ ಜಮೀನು, ಯಾರ ಉಯಿಲಿನಿಂದ ಬಂತು, ಯಾರಿಗೆ ಮಾರಿದರು ಅಂತ ಹಿಡಿದು ಹೋದರೆ ಮೂರು ಥಾಮಸರು ತಾವಾಗಿಯೇ ಬೇರೆಯಾಗುತ್ತಾರೆ.

ಮದುವೆಗಳದ್ದು ಇನ್ನೊಂದು ಗೋಜಲು. ಜೆಫರ್ಸನ್ನನ ತಾಯಿ ಜೇನ್, ಡಂಜನೆಸ್‌ನ ಐಶಮ್‌ನ ಮಗಳು. ಜೆಫರ್ಸನ್ನನ ಹಿರಿಮಗಳು ಮಾರ್ತಾ ಮದುವೆಯಾದದ್ದು ಟಕಹೋದ ಶಾಖೆಯವನನ್ನು. ಕಿರಿಮಗಳು ಮರಾಯ ಮದುವೆಯಾದದ್ದು ತಾಯಿಯ ಮಲತಂಗಿಯ ಮಗ ಜಾನ್ ವೇಲ್ಸ್ ಎಪ್ಸ್‌ನನ್ನು. ನಮ್ಮ ಲೆಕ್ಕದಲ್ಲಿ ಚಿಕ್ಕಮ್ಮನ ಮಗ, ಅಣ್ಣ ಆಗಬೇಕಾದವನು! ಅಲ್ಲಿ ಅದು ಮಾಮೂಲು. ಜಮೀನು ಮನೆಯೊಳಗೇ ಉಳಿಯಬೇಕಲ್ಲ. ಹೀಗಾಗಿ ಒಬ್ಬನೇ ಪೂರ್ವಜ ಮರದ ಎರಡು ಮೂರು ಕೊಂಬೆಗಳಲ್ಲಿ ಬರುತ್ತಾನೆ. ಆನ್‌ಲೈನ್ ವಂಶವೃಕ್ಷಗಳಲ್ಲಿ ಒಬ್ಬನನ್ನೇ ಇಬ್ಬರು ಮಾಡಿರುವುದು, ಇಬ್ಬರನ್ನು ಒಬ್ಬನಾಗಿ ಬೆಸೆದಿರುವುದು, ಎರಡೂ ಧಾರಾಳವಾಗಿ ಸಿಗುತ್ತವೆ.

ತಾರೀಖಿನ ಗಲಾಟೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟಿಷ್ ವಸಾಹತುಗಳಲ್ಲಿ 1752ರಲ್ಲಿ ಕ್ಯಾಲೆಂಡರ್ ಬದಲಾಯಿತು, 11 ದಿನ ಹಾರಿತು. ಅದಕ್ಕೂ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13 ಅಂತ ಎಲ್ಲ ಕಡೆ ಇದೆ. ಅವನ ಸಮಾಧಿಯ ಮೇಲೆ ಕೆತ್ತಿರುವುದು ಏಪ್ರಿಲ್ 2, ಪಕ್ಕದಲ್ಲಿ ಓ. ಎಸ್. ಅಂತ ಎರಡಕ್ಷರ. ಅಂದರೆ ಹಳೆಯ ಕ್ಯಾಲೆಂಡರ್. ಎರಡೂ ಸರಿ. ಯಾವುದನ್ನು ಬರೆದಿದ್ದೀರಿ ಅಂತ ಹೇಳಿಬಿಟ್ಟರೆ ಸಾಕು.

ಇವೆಲ್ಲ ತಾಳ್ಮೆಯಿದ್ದರೆ ಬಗೆಹರಿಯುವ ತೊಂದರೆಗಳು. ನಿಜವಾದ ಕಷ್ಟ ಬೇರೆ. ಬಡವರ ವಂಶಾವಳಿಯಲ್ಲಿ ಕಾಗದ ಸಿಗುವುದಿಲ್ಲ. ದೊಡ್ಡವರದ್ದರಲ್ಲಿ ಕಾಗದ ರಾಶಿ ಬಿದ್ದಿರುತ್ತದೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ಮನೆಯವರೇ ಬರೆದದ್ದು ಅಥವಾ ದುಡ್ಡು ಕೊಟ್ಟು ಬರೆಸಿದ್ದು. 19ನೇ ಶತಮಾನದ ಕೊನೆಯಿಂದ ಕೆಲವು ದಶಕ ಅಮೆರಿಕದ ಹಣವಂತರಿಗೆ ವಂಶಾವಳಿಯ ಹುಚ್ಚು ಹಿಡಿದಿತ್ತು. ಆಗ ಗುಸ್ತಾವ್ ಅಂಜೂ ಎಂಬ ಸ್ವೀಡನ್ ಮೂಲದವನು ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿ ಕೂತು ಕೇಳಿದವರಿಗೆ ಕೇಳಿದಂಥ ವಂಶ ಹೊಸೆದು ಕೊಟ್ಟ. ಅವನ ಕೈಚಳಕ ನೋಡಬೇಕು. ಮೊದಲು ನಿಜವಾದ ದಾಖಲೆಗಳು, ಸರಿಯಾದ ವಿವರ ಸಮೇತ. ನಡುವೆ ಎಲ್ಲೂ ಇಲ್ಲದ ಒಂದು ಉಯಿಲು, ಒಂದು ಚರ್ಚಿನ ನೋಂದಣಿ. ಆಮೇಲೆ ಮತ್ತೆ ನಿಜವಾದ ದಾಖಲೆಗಳು. ಸುಳ್ಳು ಇರುವುದು ಆ ಒಂದೇ ಕೊಂಡಿಯಲ್ಲಿ. ಅವನು ಸತ್ತದ್ದು 1942ರಲ್ಲಿ. ಅವನು ಕಟ್ಟಿದ ವಂಶಗಳು ಈಗಲೂ ಇಂಟರ್ನೆಟ್ಟಿನಲ್ಲಿ ಆರಾಮಾಗಿ ಓಡಾಡಿಕೊಂಡಿವೆ. ಆದ್ದರಿಂದ ಬಂಗಾರದ ಅಂಚಿನ ಹಳೆಯ ಕುಟುಂಬ ಚರಿತ್ರೆಯನ್ನು ಯಾರಾದರೂ ತಂದು ಮೇಜಿನ ಮೇಲಿಟ್ಟರೆ ನಾನು ಅದನ್ನು ಸುಳಿವಿಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಕೆಲಸ ಶುರು ಮಾಡುವುದು ಆ ಮನೆಯ ಮಾನ ಮರ್ಯಾದೆಯ ಗೊಡವೆಯೇ ಇಲ್ಲದವರು ಬರೆದ ಕಾಗದದಿಂದ. ತೆರಿಗೆ ವಸೂಲಿಯವನು, ಕೋರ್ಟಿನ ಗುಮಾಸ್ತ, ಹರಾಜು ಕೂಗುವವನು, ಜನಗಣತಿಯವನು.

ಇದು ಯಾಕೆ ಮುಖ್ಯ ಅಂತ ತಿಳಿಯಲು ಜೆಫರ್ಸನ್ ಮನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವನ ಹೆಂಡತಿ ಮಾರ್ತಾ ವೇಲ್ಸ್‌ಗೆ ಅವನಿಂದ ಆರು ಮಕ್ಕಳು ಹುಟ್ಟಿ, ದೊಡ್ಡವರಾಗಿ ಬದುಕಿದ್ದು ಎರಡು ಹೆಣ್ಣು ಮಾತ್ರ. ಮನೆಯವರ ವಂಶಾವಳಿ ಆ ಇಬ್ಬರಿಂದಲೇ ಮುಂದುವರಿಯುತ್ತದೆ. ಜೆಫರ್ಸನ್ನನ ಎಸ್ಟೇಟ್ ಇದ್ದ ಮಾಂಟಿಚೆಲೊ ಬೆಟ್ಟದ ಮೇಲೆಯೇ ಸ್ಯಾಲಿ ಹೆಮಿಂಗ್ಸ್ ಇದ್ದಳು. 1773ರಲ್ಲಿ ಹುಟ್ಟಿದ ಗುಲಾಮ ಹೆಣ್ಣು. ಅವಳ ತಾಯಿ ಎಲಿಜಬೆತ್ ಹೆಮಿಂಗ್ಸ್, ಮಾರ್ತಾಳ ಅಪ್ಪ ಜಾನ್ ವೇಲ್ಸ್‌ನ ಗುಲಾಮಳು. ಸ್ಯಾಲಿಯ ಅಪ್ಪನೂ ಇದೇ ವೇಲ್ಸ್ ಅಂತ ಹೆಮಿಂಗ್ಸ್ ಮನೆಯ ಮಾತು. ಅಂದರೆ ಜೆಫರ್ಸನ್ನನ ಹೆಂಡತಿಗೆ ಸ್ಯಾಲಿ ಮಲತಂಗಿ.

ಸ್ಯಾಲಿಯ ಮಕ್ಕಳಲ್ಲಿ ನಾಲ್ವರು ಬೆಳೆದು ದೊಡ್ಡವರಾದರು. 1798ರ ಬೆವರ್ಲಿ, 1801ರ ಹ್ಯಾರಿಯೆಟ್, 1805ರ ಮ್ಯಾಡಿಸನ್, 1808ರ ಎಸ್ಟನ್. ಇವರು ಹುಟ್ಟಿದ್ದನ್ನು ಬರೆದಿಟ್ಟವನು ಜೆಫರ್ಸನ್ನನೇ. ತೋಟದ ಲೆಕ್ಕಕ್ಕೆ ಅಂತ ಅವನು ಒಂದು ಪುಸ್ತಕ ಇಟ್ಟಿದ್ದ. ಅದರಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಯಾರಿಗೆ ಎಷ್ಟು ಬಟ್ಟೆ, ಯಾರಿಗೆ ಕಂಬಳಿ ಎಲ್ಲ ಇದೆ. ಸ್ಯಾಲಿಯ ಮಕ್ಕಳು ಅವಳ ಹೆಸರಿನ ಕೆಳಗೆ ಸಾಲಾಗಿ ಇದ್ದಾರೆ. ತಂದೆ ಯಾರು ಅನ್ನುವುದು ಇಲ್ಲ. ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಮಗು ಸ್ವತಂತ್ರವೋ ಗುಲಾಮನೋ ಅನ್ನುವುದು ತಾಯಿಯನ್ನು ನೋಡಿ ತೀರ್ಮಾನ ಅಂತ 1662ರಲ್ಲೇ ವರ್ಜೀನಿಯಾ ಕಾಯಿದೆ ಮಾಡಿತ್ತು. ತಾಯಿ ಯಾರು ಅಂತ ಗೊತ್ತಾದರೆ ಮಾಲೀಕನ ಆಸ್ತಿ ಲೆಕ್ಕ ಮುಗಿಯಿತು, ತಂದೆಯ ಹೆಸರು ಬರೆಯುವ ಜರೂರೇ ಇರಲಿಲ್ಲ. ಗುಲಾಮ ಕುಟುಂಬಗಳ ದಾಖಲೆ ತಾಯಂದಿರ ಮೂಲಕ ಹರಿಯುವುದು ಇದೇ ಕಾರಣಕ್ಕೆ.

ಗಣತಿಯಲ್ಲಿ ಹುಡುಕಬಹುದಲ್ವಾ ಅಂತ ಕೇಳಬಹುದು. 1840ರವರೆಗಿನ ಜನಗಣತಿಯಲ್ಲಿ ಹೆಸರಿರುವುದು ಮನೆ ಯಜಮಾನನದ್ದು ಮಾತ್ರ. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆ ಪಟ್ಟಿ ಮಾಡಿದರು. ಅದರಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಬರೆದರು, ಹೆಸರು ಬರೆಯಲಿಲ್ಲ. ಬಿಡುಗಡೆಯಾದ ಲಕ್ಷಾಂತರ ಜನಕ್ಕೆ ಗಣತಿಯಲ್ಲಿ ಹೆಸರು ಸಿಕ್ಕಿದ್ದು 1870ರಲ್ಲಿ. ನಮ್ಮ ಕಸುಬಿನವರು ಅದನ್ನು 1870ರ ಗೋಡೆ ಅಂತಾರೆ. ಅದರಾಚೆ ಹೋಗಬೇಕಾದರೆ ಮಾಲೀಕರ ಉಯಿಲು, ಸಾಲದ ಪತ್ರ, ಹರಾಜಿನ ಪಟ್ಟಿ ಬೇಕು. ಜೆಫರ್ಸನ್ 1826ರಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕ ಸಾಲ ಬಿಟ್ಟು ಸತ್ತ. ಮರುವರ್ಷ ಜನವರಿಯಲ್ಲಿ ಅವನ ಗುಲಾಮರ ಹರಾಜಾಯಿತು. ಕಮ್ಮಾರ ಜೋ ಫಾಸೆಟ್‌ಗೆ ಉಯಿಲಿನಲ್ಲಿ ಬಿಡುಗಡೆ ಸಿಕ್ಕಿತ್ತು. ಅವನ ಹೆಂಡತಿ ಮಕ್ಕಳು ಹರಾಜಿಗೆ ಹೋದರು. ಇವತ್ತು ಆ ಕುಟುಂಬ ಚದುರಿದ್ದು ಹೇಗೆ ಅಂತ ತಿಳಿಯುವುದೂ ಆ ಮಾರಾಟದ ಕಾಗದಗಳಿಂದಲೇ.

1870ರ ಗಣತಿಯಲ್ಲಿ ಒಂದು ಪುಟ ಇದೆ. ಓಹಿಯೊ ರಾಜ್ಯದ ರಾಸ್ ಕೌಂಟಿಯದ್ದು. ಮ್ಯಾಡಿಸನ್ ಹೆಮಿಂಗ್ಸ್ ಎಂಬ ಹೆಸರಿನ ಪಕ್ಕದಲ್ಲಿ ಗಣತಿಗೆ ಬಂದವನು ತಾನಾಗಿಯೇ ಒಂದು ಸಾಲು ಸೇರಿಸಿದ್ದಾನೆ: ಈತ ಥಾಮಸ್ ಜೆಫರ್ಸನ್ನನ ಮಗ. ಫಾರಂನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಸರ್ಕಾರ ಕೇಳಿಯೂ ಇರಲಿಲ್ಲ.

ಮೂರು ವರ್ಷದ ನಂತರ, 1873ರಲ್ಲಿ, ಮ್ಯಾಡಿಸನ್ ತನ್ನ ಕಥೆಯನ್ನು ಓಹಿಯೊದ ಒಂದು ಸ್ಥಳೀಯ ಪತ್ರಿಕೆಗೆ ಹೇಳಿದ. ಅಜ್ಜಿಯ ತಂದೆ ಇಂಗ್ಲಿಷ್ ಹಡಗಿನ ಕ್ಯಾಪ್ಟನ್. ತಾಯಿ ಜೆಫರ್ಸನ್ನನ ಕಿರಿಮಗಳ ಜತೆಗೆ ಪ್ಯಾರಿಸ್ಸಿಗೆ ಹೋದಳು. ಹುಟ್ಟುವ ಮಕ್ಕಳಿಗೆ 21 ತುಂಬಿದಾಗ ಬಿಡುಗಡೆ ಕೊಡುತ್ತೇನೆ ಅಂತ ಮಾತು ಪಡೆದು ವಾಪಸ್ ಬಂದಳು. ಇತಿಹಾಸಕಾರರು ಬಹಳ ಕಾಲ ಇದನ್ನು ಪಕ್ಕಕ್ಕೆ ತಳ್ಳಿದರು. ಇತ್ತ ಜೆಫರ್ಸನ್ನನ ಮೊಮ್ಮಕ್ಕಳು ಬೇರೆ ಉತ್ತರ ಕೊಟ್ಟಿದ್ದರು: ತಂದೆ ಜೆಫರ್ಸನ್ ಅಲ್ಲ, ಅವನ ತಂಗಿಯ ಮಗ. ಮೊಮ್ಮಗ ಹೇಳಿದ್ದು ಪೀಟರ್ ಕಾರ್ ಹೆಸರು. ಮೊಮ್ಮಗಳು ಹೇಳಿದ್ದು ಸ್ಯಾಮ್ಯುಯೆಲ್ ಕಾರ್ ಹೆಸರು. ಅಣ್ಣ ತಂಗಿಯ ಉತ್ತರವೇ ಒಂದಕ್ಕೊಂದು ಕೂಡುವುದಿಲ್ಲ. ಇಷ್ಟಾದರೂ ಗೌರವಸ್ಥರ ಮಾತು ಅಂತ ಆ ಉತ್ತರವೇ ನಿಂತಿತು!

ನಾವು ಮಾಡಬೇಕಾದದ್ದು ಎರಡೂ ಕಡೆಯವರನ್ನು ಒಂದೇ ತಕ್ಕಡಿಗೆ ಹಾಕುವುದು. ಹೇಳಿದ್ದರಲ್ಲಿ ಬೇರೆ ಕಾಗದದೊಂದಿಗೆ ತಾಳೆ ಹಾಕಬಹುದಾದ್ದು ಎಷ್ಟು, ತಾಳೆಯಾದದ್ದು ಎಷ್ಟು? ಮ್ಯಾಡಿಸನ್ ಹೇಳಿದ ಒಡಹುಟ್ಟಿದವರ ವಿವರ, ಪ್ಯಾರಿಸ್ ಪ್ರಯಾಣ, ಬಿಡುಗಡೆ ಎಲ್ಲ ಜೆಫರ್ಸನ್ನನದೇ ಕಾಗದಗಳೊಂದಿಗೆ ಹೊಂದುತ್ತವೆ. ಇನ್ನು ಜೆಫರ್ಸನ್ ದಿನದ ಖರ್ಚನ್ನು ಪೈಸೆ ಬಿಡದೆ ಬರೆದವನು, ಬರೆದ ಪತ್ರಗಳಿಗೂ ಲೆಕ್ಕ ಇಟ್ಟವನು. ಹಾಗಾಗಿ ಯಾವ ದಿನ ಎಲ್ಲಿದ್ದ ಅಂತ ಹೇಳಬಹುದು. ಆ ವರ್ಷಗಳಲ್ಲಿ ಅವನು ತಿಂಗಳುಗಟ್ಟಲೆ ಫಿಲಡೆಲ್ಫಿಯಾ, ವಾಷಿಂಗ್ಟನ್ ಅಂತ ಹೊರಗೇ ಇರುತ್ತಿದ್ದ. ಸ್ಯಾಲಿಯ ಒಂದೊಂದು ಹೆರಿಗೆಯಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ, ಪ್ರತಿಸಲವೂ ಅವನು ಮಾಂಟಿಚೆಲೊದಲ್ಲೇ ಸಿಗುತ್ತಾನೆ.

ಹೆಸರುಗಳೂ ಮಾತಾಡುತ್ತವೆ. ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಎಸ್ಟನ್, ಇವೆಲ್ಲ ಜೆಫರ್ಸನ್ನನ ನೆಂಟರಿಷ್ಟರ ವಲಯದ ಹೆಸರುಗಳು. ಎಸ್ಟನ್ 1852ರ ಸುಮಾರಿಗೆ ವಿಸ್ಕಾನ್ಸಿನ್‌ಗೆ ಹೋಗಿ, ಜೆಫರ್ಸನ್ ಅಂತ ಅಡ್ಡಹೆಸರು ಇಟ್ಟುಕೊಂಡು ಬಿಳಿಯರ ನಡುವೆ ಬಿಳಿಯನಾಗಿ ಬದುಕಿದ. ಅವನ ಮಗನ ಹೆಸರು ಜಾನ್ ವೇಲ್ಸ್ ಜೆಫರ್ಸನ್. ಮರಾಯಳ ಗಂಡ ಜಾನ್ ವೇಲ್ಸ್ ಎಪ್ಸ್ ನೆನಪಿದ್ದಾನಲ್ಲ? ಒಬ್ಬನೇ ಪೂರ್ವಜನ ಹೆಸರು ಎರಡು ಕಡೆ ಇಳಿದಿದೆ.

ಆಮೇಲೆ ಬಂತು ಡಿಎನ್‌ಎ. ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿಯುವ ವೈ ಕ್ರೋಮೋಸೋಮನ್ನು ಹೋಲಿಸುವ ಕೆಲಸಕ್ಕೆ ಕೈ ಹಾಕಿದವರು ಯುಜೀನ್ ಫಾಸ್ಟರ್ ಎಂಬ ನಿವೃತ್ತ ರೋಗಶಾಸ್ತ್ರಜ್ಞರು. ಆದರೆ ಜೆಫರ್ಸನ್ನನಿಗೆ ಮದುವೆಯ ಗಂಡು ಸಂತಾನ ಉಳಿದಿರಲಿಲ್ಲ. ಹಾಗಾಗಿ ಅವನ ದೊಡ್ಡಪ್ಪ ಫೀಲ್ಡ್ ಜೆಫರ್ಸನ್‌ನಿಂದ ಬರೀ ಗಂಡುಮಕ್ಕಳ ಮೂಲಕ ಇಳಿದು ಬಂದವರ ರಕ್ತ ತೆಗೆದುಕೊಂಡರು. ಕಾರ್ ವಂಶದವರದ್ದು, ಎಸ್ಟನ್ ವಂಶದ ಒಬ್ಬರದ್ದು, ಜೆಫರ್ಸನ್ನನ ಸಂತತಿ ಅಂತ ಹೇಳಿಕೊಳ್ಳುತ್ತಿದ್ದ ವುಡ್ಸನ್ ಕುಟುಂಬದವರದ್ದು ಕೂಡ. 1998ರ ನವೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎಸ್ಟನ್ ವಂಶ ಜೆಫರ್ಸನ್ ವಂಶಕ್ಕೆ ಹೊಂದಿತು. ಕಾರ್ ವಂಶಕ್ಕೆ ಹೊಂದಲಿಲ್ಲ. ವುಡ್ಸನ್ ಕುಟುಂಬದ್ದು ಜೆಫರ್ಸನ್ ವಂಶಕ್ಕೆ ಹೊಂದಲಿಲ್ಲ.

ಎಸ್ಟನ್‌ನ ಅಪ್ಪ ಜೆಫರ್ಸನ್ನನೇ ಅಂತ ಪತ್ರಿಕೆ ತಲೆಬರಹ ಕೊಟ್ಟಿತು. ಇಲ್ಲಿ ನನ್ನದೊಂದು ತಕರಾರಿದೆ. ವೈ ಕ್ರೋಮೋಸೋಮ್ ಗಂಡು ವಂಶವನ್ನು ಹೇಳುತ್ತದೆ, ವ್ಯಕ್ತಿಯನ್ನಲ್ಲ. ಜೆಫರ್ಸನ್ನನ ತಮ್ಮ ರಾಂಡಾಲ್ಫ್ ಜೆಫರ್ಸನ್‌ಗೂ ಅವನ ಗಂಡುಮಕ್ಕಳಿಗೂ ಇದ್ದದ್ದು ಅದೇ ವೈ. ಪರೀಕ್ಷೆಯೊಂದರಿಂದಲೇ ತಂದೆ ಯಾರು ಅಂತ ಸಾಬೀತಾಗುವುದಿಲ್ಲ ಅಂತ ಫಾಸ್ಟರ್ ಅವರೂ ಆಮೇಲೆ ಸ್ಪಷ್ಟಪಡಿಸಿದರು. ಅದು ಮಾಡಿದ್ದು ಮೊಮ್ಮಕ್ಕಳ ಕಥೆಯನ್ನು ಹೊಡೆದುಹಾಕಿದ್ದು. ಉಳಿದ ಜೆಫರ್ಸನ್ನರಲ್ಲಿ ಯಾರು ಅನ್ನುವುದಕ್ಕೆ ಮತ್ತೆ ಖರ್ಚಿನ ಪುಸ್ತಕ, ಹೆರಿಗೆಯ ತಾರೀಖು, ಉಯಿಲು, ಮ್ಯಾಡಿಸನ್‌ನ ಮಾತು ಇವುಗಳಿಗೇ ಬರಬೇಕು. ಇವೆಲ್ಲ ಒಬ್ಬನ ಕಡೆಗೇ ಕೈ ತೋರಿಸುತ್ತವೆ. ಮಾಂಟಿಚೆಲೊ ನಡೆಸುವ ಪ್ರತಿಷ್ಠಾನ 2000ದ ವರದಿಯಲ್ಲಿ ಇದೇ ತೀರ್ಮಾನಕ್ಕೆ ಬಂತು. ಅಲ್ಲಿನ ಕುಟುಂಬ ಸ್ಮಶಾನದ ಒಡೆತನ ಇರುವ ವಂಶಸ್ಥರ ಸಂಘ ಮಾತ್ರ 2002ರಲ್ಲಿ ಮತ ಹಾಕಿ, ಹೆಮಿಂಗ್ಸ್ ಸಂತತಿಗೆ ಸದಸ್ಯತ್ವ ಕೊಡುವುದಿಲ್ಲ ಅಂದಿತು. ಸಂಘದ ಸದಸ್ಯತ್ವ ಮತಕ್ಕೆ ಹಾಕಬಹುದು. ವಂಶಾವಳಿಯನ್ನು ಹಾಕಲಾಗುವುದಿಲ್ಲ.

ಬರೆಯಲು ಕೂತಾಗ ಇದೆಲ್ಲ ನಂಬರ್ ಹಾಕುವ ಪ್ರಶ್ನೆಯಾಗಿ ಎದುರಾಗುತ್ತದೆ. ಅಮೆರಿಕದಲ್ಲಿ 1870ರಿಂದ ಚಾಲ್ತಿಯಲ್ಲಿರುವ ಒಂದು ಪದ್ಧತಿಯಲ್ಲಿ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ ರೋಮನ್ ಅಂಕಿ, ವಂಶ ಮುಂದುವರಿಸಿದವರಿಗೆ ಮಾತ್ರ ಇನ್ನೊಂದು ನಂಬರ್. ಹೆಮಿಂಗ್ಸ್ ಮಕ್ಕಳನ್ನು ಕೆಲವರು ಅನುಬಂಧಕ್ಕೆ ತಳ್ಳುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಮಾರ್ತಾ, ಮರಾಯ ಇರುವ ಸಾಲಿನಲ್ಲೇ ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಎಸ್ಟನ್. ತಾಯಿ ಬೇರೆ ಅಂತ ಸ್ಪಷ್ಟವಾಗಿ ಬರೆದು, ಆಧಾರ ಎಷ್ಟು ಗಟ್ಟಿ ಅಂತ ಅಲ್ಲೇ ಹೇಳುವುದು. ಮದುವೆಯ ಕಾಲಂ ಖಾಲಿ. ಸಾಫ್ಟ್‌ವೇರ್ ಅದನ್ನು ತುಂಬು ತುಂಬು ಅಂತ ಪೀಡಿಸುತ್ತದೆ, ಪೀಡಿಸಲಿ.

ನಂಬರ್ ಹಾಕಿದ ಮೇಲೆ ಮುಂದೆ ಏನೂ ಇಲ್ಲದ ಸಾಲುಗಳೂ ಉಂಟು. ತೋಟದ ಪುಸ್ತಕದಲ್ಲಿ ಬೆವರ್ಲಿ, ಹ್ಯಾರಿಯೆಟ್ ಎದುರಿಗೆ 22ರಲ್ಲಿ, ಅಂದರೆ 1822ರಲ್ಲಿ, ಓಡಿಹೋದರು ಅಂತ ಗೀಚಿದ ಟಿಪ್ಪಣಿ ಇದೆ. ಆದರೆ ಜೆಫರ್ಸನ್ ಹೇಳಿದಂತೆ ತಾನೇ ಹ್ಯಾರಿಯೆಟ್‌ಗೆ ಫಿಲಡೆಲ್ಫಿಯಾಗೆ ಕುದುರೆ ಗಾಡಿಯ ಚಾರ್ಜು, ಕೈಗೆ 50 ಡಾಲರ್ ಕೊಟ್ಟು ಕಳಿಸಿದೆ ಅಂತ ಮೇಸ್ತ್ರಿ ಎಡ್ಮಂಡ್ ಬೇಕನ್ ಆಮೇಲೆ ನೆನಪಿಸಿಕೊಂಡ. ಇಬ್ಬರೂ ಬಿಳಿಯರ ನಡುವೆ ಬಿಳಿಯರಾಗಿ ಸೇರಿಹೋದರು. ಅಕ್ಕ ಹ್ಯಾರಿಯೆಟ್‌ಗೆ ವಾಷಿಂಗ್ಟನ್‌ನ ಒಬ್ಬ ಒಳ್ಳೆಯ ಸ್ಥಿತಿವಂತನ ಜತೆ ಮದುವೆಯಾಗಿದೆ. ಗಂಡನ ಹೆಸರು ಗೊತ್ತು, ಆದರೆ ಹೇಳುವುದಿಲ್ಲ ಅಂತ ಮ್ಯಾಡಿಸನ್ 1873ರಲ್ಲಿ ಖಡಾಖಂಡಿತವಾಗಿ ಅಂದ. ಅವಳ ಮಕ್ಕಳ ಗುಟ್ಟು ಬಯಲಾದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು.

ಹ್ಯಾರಿಯೆಟ್ ನಮ್ಮ ಮುತ್ತಜ್ಜಿಯ ಅಜ್ಜಿ ಅಂತ ಹೇಳಿಕೊಂಡು ಯಾರಾದರೂ ಬಂದರೆ ಮಾಡಬಹುದಾದ್ದು ಇಷ್ಟು. ವೈ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಅವಳು ಹೆಣ್ಣು. ಮಾಮೂಲು ಡಿಎನ್‌ಎ ಕಿಟ್ಟಿನಲ್ಲಿ ಇಷ್ಟು ತಲೆಮಾರಿನ ಹಿಂದಿನ ನೆಂಟಸ್ತನ ಕಾಣಿಸದೇ ಹೋಗಬಹುದು. ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್‌ಎ ಒಂದು ದಾರಿ, ಅದೂ ಬಂದವರು ಹ್ಯಾರಿಯೆಟ್‌ಳಿಂದ ಮಗಳು, ಮಗಳ ಮಗಳು ಅಂತ ಎಲ್ಲೂ ಮುರಿಯದೆ ಇಳಿದವರಾಗಿದ್ದರೆ. ಅದನ್ನು ಎಲಿಜಬೆತ್ ಹೆಮಿಂಗ್ಸ್‌ಳ ಬೇರೆ ಹೆಣ್ಣುಮಕ್ಕಳ ಸಂತತಿಯೊಂದಿಗೆ ಹೋಲಿಸಬೇಕು. ಹೊಂದಿದರೂ ಎಲಿಜಬೆತ್‌ವರೆಗಿನ ತಾಯಿ ಕಡೆಯ ಸಂಬಂಧ ಸಿಕ್ಕೀತು, ಹ್ಯಾರಿಯೆಟ್ ಹೌದೋ ಅಲ್ಲವೋ ಗೊತ್ತಾಗದು. ಅದಕ್ಕೆ ಮತ್ತೆ ಕಾಗದವೇ ಬೇಕು. 1822ರ ನಂತರದ ವಾಷಿಂಗ್ಟನ್‌ನ ಮದುವೆ ದಾಖಲೆಗಳಲ್ಲಿ ಹುಟ್ಟೂರು, ಅಪ್ಪ ಅಮ್ಮ ಯಾರೂ ಪತ್ತೆಯಾಗದ, ಇಪ್ಪತ್ತರ ಆಸುಪಾಸಿನ ಒಬ್ಬ ಹ್ಯಾರಿಯೆಟ್, ಅದೂ ಅವಳು ಆ ಹೆಸರನ್ನಾದರೂ ಉಳಿಸಿಕೊಂಡಿದ್ದರೆ.