ಖರಾಬು ನೆಲದ ಹಕ್ಕಿಗಳು

ಎತ್ತಿನಹೊಳೆ ಯೋಜನೆಯ ಬೈರಗೊಂಡ್ಲು ಜಲಾಶಯದ ಮಾತು ಕೊರಟಗೆರೆ ಸೀಮೆಯಲ್ಲಿ ಬಂದಾಗಲೆಲ್ಲ, ನೀರು ನಿಂತರೆ ಹಕ್ಕಿಗಳು ತಾವಾಗಿಯೇ ಬರುತ್ತವೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ, ಬಾತು, ನೀರುಕಾಗೆ, ಬೆಳ್ಳಕ್ಕಿಗಳು ಹೊಸ ನೀರನ್ನು ಬೇಗ ಪತ್ತೆಹಚ್ಚುತ್ತವೆ. ಆದರೆ ಅವುಗಳಿಗೆ ಕೆರೆಗಳೂ ಇವೆ. ಮುಳುಗುವ ನೆಲದಲ್ಲಿ ಈಗಾಗಲೇ ಬದುಕಿರುವ ಹಕ್ಕಿಗಳಿಗೆ ಬೇರೆ ನೆಲೆ ಇದೆಯೇ ಎಂದು ಕೇಳಿಕೊಂಡ ಮೇಲೆಯೇ ಯಾವ ಹಕ್ಕಿಗೆ ಮೊದಲ ಗಮನ ಎಂಬುದು ತೀರ್ಮಾನವಾಗಬೇಕು.

ಪಹಣಿಯಲ್ಲಿ ‘ಖರಾಬು’, ಅಂದರೆ ಸಾಗುವಳಿಗೆ ಬಾರದ್ದು, ಎಂದು ನಮೂದಾದ ನೆಲವನ್ನೇ ನೋಡಿ. ಹಳದಿ ಟಿಟ್ಟಿಭವು ಬೇಸಿಗೆಯಲ್ಲಿ ಅಂಥ ಬಯಲಿನ ತಗ್ಗೊಂದರಲ್ಲಿ, ಹುಲ್ಲುಕಡ್ಡಿಯ ಹಾಸೂ ಇಲ್ಲದೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಗಳ ಆ ಮೊಟ್ಟೆಗಳು ಎರಡು ಮಾರು ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ. ಜೆಸಿಬಿಗಳ ಕೆಲಸವೂ ಬಿರುಸಾಗುವುದು ಅದೇ ಬೇಸಿಗೆಯಲ್ಲಿ.

ಹಳದಿ ಕೊರಳಿನ ಪಿಕಳಾರದ ಕಥೆ ಇನ್ನೂ ಸೂಕ್ಷ್ಮವಾದದ್ದು. ದಕ್ಷಿಣ ಭಾರತದ ಒಣ ಬಂಡೆಗುಡ್ಡಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ, ಅಳಿವಿನ ಅಪಾಯದ ಕೆಂಪು ಪಟ್ಟಿಯಲ್ಲಿರುವ ಈ ಹಕ್ಕಿ ದೇವರಾಯನದುರ್ಗದಲ್ಲೂ ನಂದಿಬೆಟ್ಟದಲ್ಲೂ ಕಾಣಸಿಗುತ್ತದೆ. ಅಣೆಕಟ್ಟೆಯ ನೀರು ಗುಡ್ಡದ ನೆತ್ತಿಗೆ ಏರದು, ನಿಜ. ಆದರೆ ಕಟ್ಟೆಗೆ ಬೇಕಾದ ಕಲ್ಲು ಗುಡ್ಡದಿಂದಲೇ ಬರಬೇಕು. ಹೀಗಾಗಿ ಮುಳುಗಡೆಯ ಗೆರೆಯೊಳಗಷ್ಟೇ ಹಕ್ಕಿ ಎಣಿಸಿ ಕ್ವಾರಿಗಳನ್ನು ಬಿಟ್ಟ ಸಮೀಕ್ಷೆ, ನನ್ನ ಮಟ್ಟಿಗೆ, ಅರ್ಧ ಸಮೀಕ್ಷೆಯೇ.

ಕಾಲುವೆಗಳನ್ನೂ ಬಿಡುವಂತಿಲ್ಲ. 1900ರ ನಂತರ ಯಾರಿಗೂ ಕಾಣದಿದ್ದ ಜೆರ್ಡನ್ಸ್ ಕೋರ್ಸರ್ ಎಂಬ ಹಕ್ಕಿ 1986ರಲ್ಲಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಮತ್ತೆ ಸಿಕ್ಕಿತು. ಮುಂದೆ ತೆಲುಗು ಗಂಗಾ ಯೋಜನೆಯ ಕಾಲುವೆ ಅದರ ನೆಲೆಯನ್ನೇ ಸೀಳುವುದರಲ್ಲಿದ್ದಾಗ ಕಾಲುವೆಯ ದಾರಿಯನ್ನು ಬದಲಿಸಬೇಕಾಯಿತು.

ದೇಶದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ 942 ಪ್ರಭೇದಗಳನ್ನು ಪರಿಶೀಲಿಸಿ 178ಕ್ಕೆ ಸಂರಕ್ಷಣೆಯಲ್ಲಿ ಅತಿ ಹೆಚ್ಚಿನ ಆದ್ಯತೆ ನೀಡಿದೆ. ಇಲ್ಲಿ ಮೊದಲು ಗಮನಿಸಬೇಕಾದ ಹಕ್ಕಿಗಳ ಪಟ್ಟಿಗೆ ಅದು ಬುನಾದಿಯಾಗಬಹುದು, ಆದರೆ ಸಾಲದು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ದೇಶದ ಲೆಕ್ಕದಲ್ಲಿ ಅಷ್ಟೇನೂ ವಿರಳವಲ್ಲ. ಆದರೆ ಕೊಕ್ಕನ್ನು ಅರೆತೆರೆದು ನೀರಿಗಿಳಿಸಿ, ಮೀನು ತಾಗಿದಾಕ್ಷಣ ಕಚ್ಚಿಹಿಡಿಯುವ ಅದಕ್ಕೆ ಬೇಕಾದದ್ದು ಕಾಲೂರಿ ನಡೆಯಬಹುದಾದಷ್ಟೇ ಆಳದ ನೀರು. ಜಲಾಶಯದಲ್ಲಿ ಎಷ್ಟು ಟಿಎಂಸಿ ತುಂಬಿದರೂ, ದಂಡೆ ಕಡಿದಾಗಿದ್ದರೆ ಕೊಕ್ಕರೆಗೆ ಅಲ್ಲಿ ನಿಲ್ಲಲು ತಾಣವಿರುವುದಿಲ್ಲ.