ಬಿಲ್ ಇದೆಯಲ್ಲ, ಮತ್ತೆ ಬೆಲೆ ಕಟ್ಟಿಸಬೇಕೇ?

ಪ್ರಶ್ನೆ: ಮನೆಯಲ್ಲಿರುವ ಒಡವೆ ಮತ್ತು ಎರಡು ವಾಚುಗಳಿಗೆ ವಿಮೆ ಮಾಡಿಸಬೇಕೆಂದಿದ್ದೇನೆ. ಕೊಂಡಾಗಿನ ಬಿಲ್‌ಗಳು ಜೋಪಾನವಾಗಿವೆ. ಆದರೂ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ತನ್ನಿ ಎನ್ನುತ್ತಿದ್ದಾರೆ ವಿಮೆಯವರು. ಬಿಲ್ ಸಾಲದೇ?

ಉತ್ತರ: ಮೊನ್ನೆ ಮೊನ್ನೆ ಕೊಂಡದ್ದಾಗಿ, ಬಿಲ್‌ನಲ್ಲಿ ವಿವರವೂ ಪೂರ್ತಿ ಇದ್ದರೆ ಅದನ್ನೇ ಒಪ್ಪುವುದುಂಟು. ಹಳೆಯದಕ್ಕೆ ಸಾಲದು. ಅಂದು ನೀವು ಎಷ್ಟು ಕೊಟ್ಟಿರಿ ಎಂಬುದಷ್ಟೇ ಬಿಲ್‌ನಲ್ಲಿರುತ್ತದೆ. ಒಡವೆ ಕಳೆದ ದಿನ ವಿಮೆಯವರು ಕೇಳುವುದೇ ಬೇರೆ: ಕಳೆದದ್ದು ನಿಖರವಾಗಿ ಏನು? ಅಂಥದ್ದೇ ಇನ್ನೊಂದನ್ನು ಈಗ ತರಲು ಎಷ್ಟಾಗುತ್ತದೆ?

ಇವೆರಡರಲ್ಲಿ ಮೊದಲನೆಯ ಪ್ರಶ್ನೆಯೇ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೌಲ್ಯಮಾಪಕರ ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಮೊತ್ತದ ಮೇಲೆ ಹೋಗುತ್ತದೆ. ದಯವಿಟ್ಟು ಅದಕ್ಕೂ ಮೊದಲು ಅದರಲ್ಲಿರುವ ಒಡವೆಯ ವಿವರಣೆ ಓದಿ. ‘ವಜ್ರದ ಉಂಗುರ, ಒಂದು’ ಎಂದಷ್ಟೇ ಬರೆದಿದ್ದರೆ ಆ ಕಾಗದದಿಂದ ಏನೂ ಪ್ರಯೋಜನವಿಲ್ಲ. ಹಾಗೆ ಬರೆದ ಉಂಗುರಕ್ಕೆ ಬದಲಾಗಿ ಯಾವ ಉಂಗುರವನ್ನು ಬೇಕಾದರೂ ಕೊಡಬಹುದಲ್ಲವೇ? ಚಿನ್ನ ಎಷ್ಟು ಕ್ಯಾರೆಟ್, ತೂಕ ಎಷ್ಟು, ಹರಳಿನ ಅಳತೆ, ಆಕಾರ, ಬಣ್ಣ, ಶುಭ್ರತೆ (ಒಳಗೆ ಕಲೆ, ಬಿರುಕು ಎಷ್ಟಿದೆ ಎಂಬುದು) ಏನು, ಎಲ್ಲಿ ಸವೆದಿದೆ, ಇವೆಲ್ಲ ಫೋಟೋ ಸಮೇತ ಇರಬೇಕು. ಕ್ಯಾರೆಟ್ ಎಂಬ ಮಾತಿಗೆ ಇಲ್ಲಿ ಎರಡು ಅರ್ಥವಿದೆ, ಗೊಂದಲ ಬೇಡ. ಚಿನ್ನದಲ್ಲಿ ಅದು ಶುದ್ಧತೆ: 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು ಚಿನ್ನ. ಹರಳಿನಲ್ಲಿ ಅದು ತೂಕ: ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ.

ಕೂರಿಸಿದ ಹರಳನ್ನು ಸಾಮಾನ್ಯವಾಗಿ ಕೀಳುವುದಿಲ್ಲ. ಅಗಲ, ಆಳ ಅಳೆದು ತೂಕದ ಅಂದಾಜು ಮಾಡುತ್ತಾರೆ. ಸುಮಾರು ಆರೂವರೆ ಮಿಲಿಮೀಟರ್ ಅಗಲದ, ಚೆನ್ನಾಗಿ ಕತ್ತರಿಸಿದ ದುಂಡು ವಜ್ರ ಒಂದು ಕ್ಯಾರೆಟ್‌ನ ಆಸುಪಾಸು ತೂಗುತ್ತದೆ. ಅಂದಾಜು ಮಾಡಿದ್ದನ್ನು ಅಂದಾಜು ಎಂದೇ ವರದಿಯಲ್ಲಿ ಬರೆಯುವವರು ನಂಬಿಕಸ್ಥರು. ವಜ್ರ ಗಣಿಯದೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದನ್ನೂ ಕೇಳಿ, ಏಕೆಂದರೆ ಎರಡರ ಬೆಲೆಯ ನಡುವೆ ಅಜಗಜಾಂತರ. ಎರಡೂ ಅಪ್ಪಟ ಇಂಗಾಲವೇ ಆದ್ದರಿಂದ ಅಂಗಡಿಗಳಲ್ಲಿ ಒತ್ತಿ ನೋಡುವ, ಹರಳಿನಲ್ಲಿ ಶಾಖ ಹರಿಯುವ ವೇಗ ಅಳೆಯುವ ಪೆನ್ನು ಎರಡನ್ನೂ ವಜ್ರ ಎಂದೇ ತೋರಿಸುತ್ತದೆ. ಬೇರ್ಪಡಿಸಲು ವಿಶೇಷ ಉಪಕರಣ ಬೇಕು. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬಿಸುವುದು ಸಾಮಾನ್ಯ. ಅದೂ ವರದಿಯಲ್ಲಿ ಬರಲಿ.

ಹೀಗೆ ಪರೀಕ್ಷೆ ಮಾಡಿಸುವುದರಿಂದ ಇನ್ನೊಂದು ಲಾಭವೂ ಇದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ನಾನೊಮ್ಮೆ ಉಂಗುರವೊಂದನ್ನು ನೋಡಿದ್ದೆ. ಬರಿಗಣ್ಣಿಗೆ ಫಳಫಳ ಹೊಳೆಯುತ್ತಿತ್ತು. ಗಾಜಿನಡಿ ನೋಡಿದರೆ ಹರಳು ಹಿಡಿದಿದ್ದ ನಾಲ್ಕು ಕಾಲುಗಳಲ್ಲಿ ಒಂದು ಸವೆದು ಕಾಗದದಷ್ಟು ತೆಳುವಾಗಿತ್ತು, ಹರಳಿನಂಚಿಗೂ ಅದಕ್ಕೂ ನಡುವೆ ಕೂದಲೆಳೆಯ ಸಂದು. ಬಟ್ಟೆಯ ಎಳೆಗೆ ಒಮ್ಮೆ ಸಿಕ್ಕಿಕೊಂಡಿದ್ದರೂ ಹರಳು ಹೋಗುತ್ತಿತ್ತು.

ವಾಚಿನ ಲೆಕ್ಕ ಬೇರೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡೂ ವರದಿಯಲ್ಲಿ ಇರಲೇಬೇಕು. ಕಳವಾದ ವಾಚು ಸಿಕ್ಕಾಗ ಅದು ನಿಮ್ಮದೇ ಎನ್ನಲು ಸೀರಿಯಲ್ ನಂಬರ್‌ಗಿಂತ ಗಟ್ಟಿ ಆಧಾರವಿಲ್ಲ. ಡಬ್ಬಿ, ಗ್ಯಾರಂಟಿ ಕಾರ್ಡು, ಸರ್ವಿಸ್ ಮಾಡಿಸಿದ ಚೀಟಿಗಳು, ಬಿಚ್ಚಿಟ್ಟ ಪಟ್ಟಿಯ ಕೊಂಡಿಗಳು ಎಲ್ಲವನ್ನೂ ಒಯ್ಯಿರಿ. ಆದರೆ ತೋರಿಸುವ ಮುನ್ನ ಪಾಲಿಶ್ ಮಾತ್ರ ಮಾಡಿಸಬೇಡಿ. ಉಜ್ಜಿದಷ್ಟೂ ಕೇಸಿನ ಅಂಚುಗಳ ಚೂಪು ಹೋಗುತ್ತದೆ, ಹಳೆಯ ವಾಚಿನಲ್ಲಿ ಅದನ್ನು ನಷ್ಟವೆಂದೇ ಎಣಿಸುತ್ತಾರೆ. ಮಾಸಿದ ಮೂಲ ಡಯಲ್‌ಗಿರುವ ಬೆಲೆ ಹೊಸದಾಗಿ ಬಣ್ಣ ಬಳಿದ ಡಯಲ್‌ಗೆ ಸಾಮಾನ್ಯವಾಗಿ ಇರುವುದಿಲ್ಲ.

ಮೊತ್ತದ ವಿಷಯಕ್ಕೆ ಬಂದರೆ, ವಿಮೆಗೆ ಕಟ್ಟಿದ ಬೆಲೆ ಮಾರಿದರೆ ಸಿಗುವ ಬೆಲೆಯಲ್ಲ. ಅದು ಮತ್ತೆ ಕೊಳ್ಳಲು ಬೇಕಾದ ಹಣ. ಮಜೂರಿ, ತೆರಿಗೆ, ಅಂಗಡಿಯ ಲಾಭ ಎಲ್ಲ ಸೇರಿರುವುದರಿಂದ ಮಾರುವ ಬೆಲೆಗಿಂತ ಸಾಕಷ್ಟು ಹೆಚ್ಚಿರುತ್ತದೆ. ಮೊತ್ತ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ, ಕಂತು ಏರುತ್ತದೆ, ಕೊಡುವಾಗ ಮಾತ್ರ ನಿಜವಾದ ನಷ್ಟವನ್ನಷ್ಟೇ ಲೆಕ್ಕ ಹಿಡಿಯಬಹುದು. ಕಡಿಮೆ ತೋರಿಸಿದರೆ ಇನ್ನೂ ಕಷ್ಟ. ಅನೇಕ ಪಾಲಿಸಿಗಳಲ್ಲಿ ಅನುಪಾತದ ಷರತ್ತು ಇರುತ್ತದೆ: ನಿಜ ಬೆಲೆಯ ಅರ್ಧಕ್ಕಷ್ಟೇ ವಿಮೆ ಮಾಡಿದ್ದರೆ, ಒಂದೇ ಒಂದು ಓಲೆ ಕಳೆದರೂ ಅದರ ಅರ್ಧವೇ ಕೈಗೆ ಸಿಗುವುದು. ಮತ್ತೆ ಸಿಗದಂಥ ಹಳೆಯ ಒಡವೆಗೆ, ನೀವೂ ವಿಮೆಯವರೂ ಮೊದಲೇ ಒಪ್ಪಿದ ಮೊತ್ತವನ್ನು ಪಾಲಿಸಿಯಲ್ಲಿ ಬರೆಸಲು ಆಗುತ್ತದೆಯೇ ಎಂದು ವಿಚಾರಿಸಿ.

ಬೆಲೆ ಕಟ್ಟುವವರನ್ನು ಆರಿಸುವಾಗ ಅವರ ಶುಲ್ಕದ ಕ್ರಮ ಕೇಳಿ. ಬೆಲೆಯ ಮೇಲೆ ಶೇಕಡಾವಾರು ತೆಗೆದುಕೊಳ್ಳುವವರಿಗೆ ಬೆಲೆ ಏರಿದಷ್ಟೂ ಲಾಭ. ಒಡವೆಗೆ ಇಷ್ಟು ಅಥವಾ ಗಂಟೆಗೆ ಇಷ್ಟು ಎನ್ನುವವರೇ ಮೇಲು. ಬೆಲೆ ಕಟ್ಟಿದ ಬಾಯಲ್ಲೇ ‘ನಮಗೇ ಕೊಟ್ಟುಬಿಡಿ’ ಎಂದರೆ ಇನ್ನೊಬ್ಬರ ಬಳಿ ಹೋಗಿ.

ಚಿನ್ನದ ಬೆಲೆ ಏರಿಳಿಯುತ್ತಲೇ ಇರುವುದರಿಂದ ಮೂರು ವರ್ಷಕ್ಕೊಮ್ಮೆಯಾದರೂ ವರದಿ ಹೊಸದು ಮಾಡಿಸಿ. ಅದರ ಪ್ರತಿಯನ್ನು ಒಡವೆಯ ಪೆಟ್ಟಿಗೆಯಲ್ಲಿ ಇಡಬೇಡಿ, ಪೆಟ್ಟಿಗೆ ಹೋದರೆ ಅದೂ ಹೋಗುತ್ತದೆ.